ಧೂಳು ಬಾರದ ಅಂಗಡಿ

ನವೆಂಬರ್ 11, ಸೋಮವಾರ

ಈ ಪುಸ್ತಕ ನಾನು ಕೊಂಡದ್ದಲ್ಲ. ಹೆಂಡತಿ ತಂದು ಊಟದ ಮೇಜಿನ ಮೇಲೆ ನನ್ನ ತಟ್ಟೆಯ ಪಕ್ಕ ಇಟ್ಟಳು. "ನಮ್ಮ ಮೇಲೆ ಕೂಗೋದನ್ನೆಲ್ಲ ಇನ್ಮೇಲೆ ಇದರಲ್ಲಿ ಬರೀರಿ. ಇದಕ್ಕೆ ಕಿವಿ ಇಲ್ಲ," ಅಂದಳು. ಮಗಳು ಕಿಸಕ್ಕನೆ ನಕ್ಕಳು. ಅಪ್ಪ ಪದಬಂಧದಿಂದ ತಲೆ ಎತ್ತಲಿಲ್ಲ, ಆದರೆ ಮೀಸೆಯ ಕೆಳಗೆ ನಕ್ಕರೆಂಬುದು ನನಗೆ ಗೊತ್ತು.

ನಾನು ಕೂಗುವವನೇ ಅಲ್ಲ. ದಿನಕ್ಕೆ ಹತ್ತು ಗಂಟೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಕೂರುವ ಮನುಷ್ಯ ಮನೆಗೆ ಬಂದಾಗ ಟಿವಿ, ಮಿಕ್ಸರ್, ಮಗ್ಗಿ ಮೂರೂ ಒಟ್ಟಿಗೆ ಕೇಳಿಸಿದರೆ ಏನು ಮಾಡಬೇಕು? ಅದನ್ನು ಕೇಳಿದರೆ ಕೂಗುತ್ತೀಯ ಅನ್ನುತ್ತಾರೆ.

ಗಡಿಯಾರ ರಿಪೇರಿ ನಮ್ಮ ಕಸುಬು. ಮಹಡಿ ಮೆಟ್ಟಿಲ ಕೆಳಗಿನ ಏಳಡಿಗೆ ಐದಡಿಯ ಅಂಗಡಿಯಲ್ಲಿ ಅಪ್ಪ ನಲವತ್ತೆಂಟು ವರ್ಷ ಕೂತರು. ಕಳೆದ ಫೆಬ್ರವರಿಯಿಂದ ನಾನು ಕೂತಿದ್ದೇನೆ. ಅದಕ್ಕೆ ಮುಂಚೆ ಒಂದು ದೊಡ್ಡ ಷೋರೂಮಿನ ರಿಪೇರಿ ಕೌಂಟರಿನಲ್ಲಿದ್ದೆ, ಸಂಜೆ ಹೊತ್ತು ಅಪ್ಪನ ಅಂಗಡಿಗೆ ಹಣಕಿ ಬರುತ್ತಿದ್ದೆ.

ಅಪ್ಪ ತಾವಾಗಿ ಬಿಟ್ಟದ್ದಲ್ಲ, ನಾನು ಬಿಡಿಸಿದ್ದು. ಕಿವಿಯಿಲ್ಲದ ಪುಸ್ತಕವಲ್ಲವೇ, ಬರೆದೇಬಿಡುತ್ತೇನೆ. ಕಳೆದ ಚಳಿಗಾಲದಲ್ಲಿ ಅವರ ತಲೆ ಕೆಟ್ಟಿತು. ಒಬ್ಬರ ಗಡಿಯಾರದ ಮುಳ್ಳನ್ನು ಇನ್ನೊಬ್ಬರದಕ್ಕೆ ಹಾಕಿದರು. ರಿಪೇರಿಗೆ ಇಸಕೊಂಡದ್ದನ್ನೇ ಮರೆತು ಗಿರಾಕಿಯನ್ನು ಗದರಿಸಿ ಕಳಿಸಿದರು. ಕೊನೆಗೆ ನಿವೃತ್ತ ಹೆಡ್‌ಮಾಸ್ಟರರು ತಮ್ಮ ತಂದೆಯ ಕಾಲದ ಕೈಗಡಿಯಾರ ಕೊಟ್ಟರೆ ಅದರೊಳಗೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರದ ಅಚ್ಚನ್ನೇ ಮುರಿದಿಟ್ಟು, "ನಾನು ಮುಟ್ಟೇ ಇಲ್ಲ" ಎಂದು ವಾದಕ್ಕೆ ನಿಂತರು. ಹೆಡ್‌ಮಾಸ್ಟರರ ಎದುರಿಗೇ ನಾನು ಕೈ ಚಾಚಿದೆ. "ಅಪ್ಪ, ಬೀಗದಕೈ ಕೊಡಿ. ನಿಮ್ಮ ತಲೆ ನೆಟ್ಟಗಿಲ್ಲ," ಅಂದೆ. ಕೊಟ್ಟರು.

ಈಗ ನೋಡಿದರೆ ಅದೇ ಮನುಷ್ಯ ಕೂತಲ್ಲೇ ಪದಬಂಧ ತುಂಬಿಸುತ್ತಾರೆ, ಮೊಮ್ಮಗಳಿಗೆ ಹದಿನೇಳರ ಮಗ್ಗಿ ಹಿಂದುಮುಂದಾಗಿ ಹೇಳಿಕೊಡುತ್ತಾರೆ. ಮನೆಯಲ್ಲಿ ಕೂತು ಮೂರು ವಾರಕ್ಕೇ ಹೀಗಾದರು. ಅಂಗಡಿಯಲ್ಲಿ ಮರೆವು, ಮನೆಯಲ್ಲಿ ಮಗ್ಗಿ. ಕೆಲಸ ಸಾಕಾಗಿ ನಾಟಕ ಆಡಿದರೋ ಏನೋ ಎಂದು ನನಗೆ ಒಂದೊಂದು ಸಲ ಅನುಮಾನ ಬರುತ್ತದೆ. ಆದರೆ ಗಡಿಯಾರವನ್ನು ಮಾತ್ರ ಮುಟ್ಟುವುದಿಲ್ಲ. ಗೋಡೆ ಗಡಿಯಾರದ ಸೆಲ್ ಬದಲಿಸಿ ಎಂದರೂ "ನಿನ್ನ ಗಂಡ ಬರ್ಲಿ" ಎಂದು ಸೊಸೆಗೆ ಹೇಳುತ್ತಾರೆ.

ನವೆಂಬರ್ 14, ಗುರುವಾರ

ಧೂಳು. ಧೂಳು. ಧೂಳು.

ಅಂಗಡಿ ಮುಂದಿನ ರಸ್ತೆ ಅಗೆಯಲು ಶುರುಮಾಡಿ ಎರಡನೇ ವರ್ಷ. ಒಮ್ಮೆ ನೀರಿನ ಪೈಪು, ಒಮ್ಮೆ ಕೇಬಲ್ಲು, ಮುಚ್ಚುವುದು, ಮತ್ತೆ ಅಗೆಯುವುದು. ಹಾರೆಯವನನ್ನು ಕೇಳಿದೆ, ಯಾವಾಗ ಮುಗಿಯುತ್ತದೆಂದು. "ನಮಗೆ ಅಗಿ ಅಂದಿದ್ದಾರೆ ಸಾರ್, ಮುಗ್ಸು ಅಂದಿಲ್ಲ," ಅಂದ.

ಪುಣ್ಯಕ್ಕೆ ಕಳೆದ ವರ್ಷದ ಚಳಿಗಾಲಕ್ಕೆ ಮುಂಚೆಯೇ ನಾನು ಅಂಗಡಿಯನ್ನು ಭದ್ರ ಮಾಡಿಟ್ಟಿದ್ದೆ. ಗಾಜಿನ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಹೊಸ್ತಿಲಿಗೆ ಬ್ರಷ್ಷು, ಮೇಲಿನ ವೆಂಟಿಲೇಟರಿಗೆ ದಪ್ಪ ಪ್ಲಾಸ್ಟಿಕ್ಕು, ಅದರ ಅಂಚಿಗೆಲ್ಲ ಟೇಪು. ಷೋರೂಮಿನಲ್ಲಿ ಕಲಿತ ಶಿಸ್ತು. ಒಂದು ಕಣ ಧೂಳು ಗಡಿಯಾರದ ಹೊಟ್ಟೆ ಸೇರಿದರೆ ಆರು ತಿಂಗಳಲ್ಲಿ ಅದು ಮತ್ತೆ ನಮ್ಮ ಮೇಜಿಗೇ ಬರುತ್ತದೆ. ನಮ್ಮ ಕಸುಬಿನಲ್ಲಿ ಗಾಳಿಯೂ ವೈರಿ, ಉಸಿರೂ ವೈರಿ. ಬ್ಯಾಲೆನ್ಸ್ ಕೂರಿಸುವಾಗ ಉಸಿರು ಬಿಗಿಹಿಡಿ ಎಂದು ನನಗೆ ಒಂಬತ್ತನೇ ವಯಸ್ಸಿನಲ್ಲಿ ಕಲಿಸಿದವರೇ ಅಪ್ಪ. ಅಂಥವರು ಅವತ್ತು ಟೇಪು ನೋಡಿ, "ಒಂದು ಕಿಂಡಿನಾದ್ರೂ ಬಿಡೋ, ಮನುಷ್ಯ ಕೂರೋ ಜಾಗ," ಅಂದಿದ್ದರು. ಹಳೆಯ ಕಾಲದವರು.

ಇವತ್ತು ಈ ವರ್ಷದಲ್ಲಿ ಮೊದಲ ಸಲ ಗ್ಯಾಸ್ ಹೀಟರ್ ಹಚ್ಚಿದೆ. ಇದೂ ನಾನೇ ಅಪ್ಪನಿಗೆ ಕೊಡಿಸಿದ್ದು. ಸಣ್ಣ ಸಿಲಿಂಡರ್, ಮೇಲೆ ಕೆಂಪಗೆ ಕಾಯುವ ಜಾಲರಿ. ಚಳಿಗೆ ಬೆರಳು ಮರಗಟ್ಟಿದರೆ ಚಿಮಟ ಹಿಡಿಯುವುದು ಹೇಗೆ? ಅಷ್ಟು ವರ್ಷ ಶಾಲು ಹೊದ್ದೇ ಕಳೆದಿದ್ದರು ಪಾಪ. ಬಾಗಿಲು ಹಾಕಿ ಹಚ್ಚಿದರೆ ಹತ್ತು ನಿಮಿಷಕ್ಕೆ ಬೆಚ್ಚಗಾಗುತ್ತದೆ.

ನವೆಂಬರ್ 20, ಬುಧವಾರ

ನರ್ಸಮ್ಮ ಬಂದಿದ್ದರು. ಮೂವತ್ತೈದು ವರ್ಷ ಹೆರಿಗೆ ವಾರ್ಡಿನಲ್ಲಿದ್ದು ನಿವೃತ್ತರಾದವರು. ಎದೆಗೆ ಪಿನ್ನು ಹಾಕಿ ತಲೆಕೆಳಗಾಗಿ ತೂಗುಬಿಡುವ ಅವರ ಹಳೆಯ ಗಡಿಯಾರ ನನ್ನ ಹತ್ತಿರ ಇದೆ. ಎಷ್ಟೋ ನೂರು ಮಕ್ಕಳ ಮೊದಲ ಉಸಿರು ಎಣಿಸಿದ ಗಡಿಯಾರವಂತೆ. ಮೊಮ್ಮಗಳು ಜನವರಿ ಒಂದಕ್ಕೆ ನರ್ಸ್ ಕೆಲಸಕ್ಕೆ ಸೇರುತ್ತಾಳೆ, ಅವಳ ಎದೆಗೆ ಅದೇ ಇರಬೇಕು.

"ಆಯ್ತೇನಪ್ಪ?"

"ನಿನ್ನೆ ತಾನೆ ಕೊಟ್ಟಿದೀರಿ, ಅಮ್ಮ."

"ಕೊಟ್ಟು ಹದಿನೈದು ದಿನ ಆಯ್ತು."

ಹದಿನೈದು ದಿನವಂತೆ. ಚೀಟಿ ನೋಡಿದೆ. ಆಗಿತ್ತು. ಇರಲಿ. ಸ್ಟೂಲು ತೋರಿಸಿದರೆ ಕೂರಲಿಲ್ಲ, "ಇಲ್ಲಿ ಉಸಿರು ಕಟ್ಟುತ್ತೆ, ಹೊರಗೇ ನಿಲ್ತೀನಿ," ಎಂದು ಬಾಗಿಲು ಹಾರುಹೊಡೆದು ಹೊಸ್ತಿಲಲ್ಲಿ ನಿಂತರು. ಧೂಳೆಲ್ಲ ಒಳಗೆ. ಬಾಗಿಲು ಹಾಕಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಮುಖ ದಪ್ಪ ಮಾಡಿಕೊಂಡು ಹೋದರು. ಸಂಜೆಗೆ ತಲೆ ಸಿಡಿಯುತ್ತಿತ್ತು. ಇಂಥ ಗಿರಾಕಿಗಳ ದೆಸೆಯಿಂದಲೇ ಬರುವ ತಲೆನೋವು.

ನವೆಂಬರ್ 24, ಭಾನುವಾರ

ಅಂಗಡಿಗೆ ರಜೆ. ತಲೆನೋವೂ ರಜೆ. ಗಿರಾಕಿಯ ಮುಖ ನೋಡದಿದ್ದರೆ ಮನುಷ್ಯ ಎಷ್ಟು ಹಾಯಾಗಿರುತ್ತಾನೆ. ಮಗಳ ಸೈಕಲ್ಲಿನ ಚೈನು ಹಾಕಿಕೊಟ್ಟೆ, ಹೆಂಡತಿಯ ಜೊತೆ ತರಕಾರಿ ತರಲು ಹೋದೆ, ಅವಳು ಹೇಳಿದ ಜೋಕಿಗೆ ನಕ್ಕೆನಂತೆ. "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ಕೇಳಿದಳು.

ನವೆಂಬರ್ 29, ಶುಕ್ರವಾರ

ಒಂದು ಸ್ಕ್ರೂ ಹುಡುಕುವುದರಲ್ಲಿ ಒಂದೂವರೆ ಗಂಟೆ ಹೋಯಿತು. ಅದು ನನ್ನ ಚಿಮಟದ ತುದಿಯಲ್ಲೇ ಇತ್ತು.

ಮನೆಯಲ್ಲಿ ಮಗಳು ಏನೋ ಲೆಕ್ಕ ಕೇಳಿದಳು, ಭಿನ್ನರಾಶಿ. ನನಗೆ ಬರಲಿಲ್ಲ. ಐದನೇ ಕ್ಲಾಸಿನ ಲೆಕ್ಕ. ಬರಲಿಲ್ಲವೆಂದು ಹೇಳಬಹುದಿತ್ತು, ಪುಸ್ತಕ ಎಸೆದೆ. ಅವಳು ಅಳಲಿಲ್ಲ, ಎತ್ತಿಕೊಂಡು ತಾತನ ಹತ್ತಿರ ಹೋದಳು. ಅಪ್ಪ ಲೆಕ್ಕ ಹೇಳಿಕೊಡುತ್ತ ನನ್ನನ್ನೇ ನೋಡುತ್ತಿದ್ದರು. ಏನು ನೋಡುವುದು ಅಷ್ಟು? ನಾನೇನು ಗೋಡೆ ಗಡಿಯಾರವೇ?

ತಲೆನೋವು. ಎದೆ ಡವಡವ. ಮಧ್ಯಾಹ್ನದ ಊಟ ಹಾಗೇ ವಾಪಸ್ ತಂದಿದ್ದೇನೆ. ಯಾಕೆ ತಂದೆ ಎಂದು ಅದಕ್ಕೂ ಒಂದು ವಿಚಾರಣೆ.

ಡಿಸೆಂಬರ್ 3, ಮಂಗಳವಾರ

ಹೆಂಡತಿ ಹಟಮಾಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಬಟ್ಟೆಗೆ ಹಾಕುವ ಕ್ಲಿಪ್ಪಿನಂಥದ್ದನ್ನು ಬೆರಳಿಗೆ ಸಿಕ್ಕಿಸಿದರು. ತೊಂಬತ್ತೆಂಟು ಎಂದು ತೋರಿಸಿತು. "ರಕ್ತದಲ್ಲಿ ಆಕ್ಸಿಜನ್ ಫಸ್ಟ್ ಕ್ಲಾಸಾಗಿದೆ. ಕೆಲಸದ ಒತ್ತಡ. ಸಿಟ್ಟು ಕಮ್ಮಿ ಮಾಡ್ಕೊಳ್ಳಿ," ಎಂದು ವಿಟಮಿನ್ ಬರೆದುಕೊಟ್ಟರು.

ಸಿಟ್ಟು ಕಮ್ಮಿ ಮಾಡುವುದಕ್ಕೆ ಅದೇನು ನಲ್ಲಿಯೇ, ತಿರುಗಿಸಿ ನಿಲ್ಲಿಸಲು? ಆದರೆ ಹೆಂಡತಿಗೆ ನೂರು ಸಲ ಹೇಳಿದೆ, ನೋಡು, ಫಸ್ಟ್ ಕ್ಲಾಸು. ನನಗೇನೂ ಆಗಿಲ್ಲ. ಸುತ್ತಮುತ್ತ ಇರುವವರಿಗೆ ಆಗಿದೆ.

ಡಿಸೆಂಬರ್ 8, ಭಾನುವಾರ

ಮೈ ಹಗುರ. ಬೆಳಿಗ್ಗೆ ಅಡುಗೆಮನೆಗೆ ಹಲಗೆ ಹೊಡೆದುಕೊಟ್ಟೆ, ಒಂದು ಮೊಳೆಯೂ ಡೊಂಕಾಗಲಿಲ್ಲ. ವಿಟಮಿನ್ ಕೆಲಸ ಮಾಡುತ್ತಿರಬೇಕು.

ಅಪ್ಪನ ಕಾಟ ಮಾತ್ರ ಇದ್ದೇ ಇದೆ. ಹಲಗೆ ಹಿಡಿದುಕೊಂಡೇ ವಕೀಲರ ಹಾಗೆ ಪ್ರಶ್ನೆ.

"ತಲೆನೋವು ಎಷ್ಟೊತ್ತಿಗೆ ಶುರುವಾಗುತ್ತೆ?"

"ಮಧ್ಯಾಹ್ನ. ಯಾಕೆ?"

"ಬೆಳಿಗ್ಗೆ ಮನೇಲಿ ಇರೋದಿಲ್ವಾ?"

"ಇರೋದಿಲ್ಲ ಅಂದ್ನಲ್ಲ."

"ಇವತ್ತು?"

"ಇವತ್ತು ಇಲ್ಲ, ಅಪ್ಪ. ನೀವು ಹೀಗೇ ಕೇಳ್ತಾ ಇದ್ರೆ ಬರುತ್ತೆ."

ಹೋಗಿ ತಮ್ಮ ಹಳೆಯ ನೋಟುಪುಸ್ತಕದಲ್ಲಿ ಏನೋ ಗೀಚಿಕೊಂಡರು. ಸಂಜೆ ಮತ್ತೆ ಬಂದರು. "ಆ ವೆಂಟಿಲೇಟರ್ ಪ್ಲಾಸ್ಟಿಕ್ಕು ಇನ್ನೂ ಇದ್ಯಾ?" ಬಂತಲ್ಲ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೋದ ವರ್ಷ ಕೆಲಸ ಕೆಡಿಸಿದ್ದಕ್ಕೆ ಈ ವರ್ಷ ನನ್ನ ಪ್ಲಾಸ್ಟಿಕ್ಕು ಕಾರಣ. ಹಾಗೆಂದು ಬಾಯಿಬಿಟ್ಟೇ ಹೇಳಿದೆ. ಅಪ್ಪ, "ಇರ್ಬಹುದಪ್ಪ, ನಂಗೆ ತಲೆ ನೆಟ್ಟಗಿಲ್ಲ," ಎಂದು ಒಳಗೆ ಹೋದರು.

ಡಿಸೆಂಬರ್ 11, ಬುಧವಾರ

ಇದನ್ನು ಬರೆಯುವುದೋ ಬೇಡವೋ.

ನಮ್ಮ ಬೀದಿಯ ದರ್ಜಿ ತನ್ನ ಕೈಗಡಿಯಾರ ನಿಂತಿದೆಯೆಂದು ತಂದುಕೊಟ್ಟ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಕಟುಕರ ಅಂಗಡಿ. ಸ್ಕ್ರೂಗಳ ತಲೆ ಕೆರೆದುಹೋಗಿವೆ, ಒಂದು ಜಾಗದಲ್ಲಿ ಸ್ಕ್ರೂವೇ ಇಲ್ಲ, ಚಕ್ರಗಳನ್ನು ಹಿಡಿದಿಡುವ ಸೇತುವೆ ತಗಡಿನ ಮೇಲೆ ಚಿಮಟ ಜಾರಿದ ಗೀರು, ಎಣ್ಣೆ ಹಾಕಬೇಕಾದ ಕಡೆ ಬಿಟ್ಟು ಹಾಕಬಾರದ ಕಡೆ ಸುರಿದಿದೆ. ಅಪ್ಪನದೇ ಕೆಲಸ, ಕಳೆದ ಚಳಿಗಾಲದ್ದು ಎಂದುಕೊಂಡೆ. ನೋಡಿ, ಮುದುಕ ಎಂಥ ಕೆಲಸ ಮಾಡಿಟ್ಟಿದ್ದಾನೆ ಎಂದು ದರ್ಜಿಗೆ ಮಸೂರ ಕೊಟ್ಟು ತೋರಿಸಿದೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಗಡಿಯಾರ ರಿಪೇರಿಯಾದ ಮೇಲೆ ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತಾರೀಖು ಕೆತ್ತಿ, ಪಕ್ಕದಲ್ಲಿ ತನ್ನ ಗುರುತು ಹಾಕುವುದು. ಅಪ್ಪನದು ಅರ್ಧಚಂದ್ರ. ನನ್ನದು ಮೂರು ಚುಕ್ಕೆ.

ಮೂರು ಚುಕ್ಕೆ ಇತ್ತು. ತಾರೀಖು ಇದೇ ನವೆಂಬರ್ ಇಪ್ಪತ್ತೇಳು.

ದರ್ಜಿ "ಹೋದ ತಿಂಗಳು ನೀವೇ ಮಾಡಿಕೊಟ್ರಲ್ಲ ಸಾರ್" ಅಂದ. ನನಗೆ ಗಡಿಯಾರವೂ ನೆನಪಿಲ್ಲ, ದರ್ಜಿ ಬಂದದ್ದೂ ನೆನಪಿಲ್ಲ. ಯಾರೋ ನನ್ನ ಗುರುತು ನಕಲು ಮಾಡಿರಬೇಕು. ಯಾರು? ಯಾಕೆ?

ಅಪ್ಪನಿಗೆ ಬಂದದ್ದು ನನಗೂ ಬಂತೇ? ನಲವತ್ನಾಲ್ಕಕ್ಕೇ? ಹೆಂಡತಿಗೆ ಹೇಳುವುದಿಲ್ಲ. ಯಾರಿಗೂ ಹೇಳುವುದಿಲ್ಲ. ಹೇಳಿದರೆ ನನ್ನ ಮುಂದೆಯೂ ಯಾರಾದರೂ ಕೈ ಚಾಚುತ್ತಾರೆ.

ಡಿಸೆಂಬರ್ 12, ಬುಧವಾರ

ನರ್ಸಮ್ಮ ಬಂದಿದ್ದರು. ಬಾಗಿಲು ತೆಗೆದು ನಿಂತರು. ಧೂಳು. ಕೂಗಿದೆ. ಹೀಟರಿನ ಉರಿ ಹಳದಿಯಾಗಿದೆ ನೋಡು ಅಂದರು. ಹಳದಿಯಾದರೇನು, ನೀಲಿಯಾದರೇನು, ಕಾದರೆ ಸರಿ. ನಿಮ್ಮ ಗಡಿಯಾರ ನೋಡಿಕೊಳ್ಳಿ ಅಂದೆ. ಅದು ನನ್ನ ಹತ್ತಿರವೇ ಇದೆಯಲ್ಲ ಅಂದರು.

ತಲೆ ಸಿಡಿಯುತ್ತಿದೆ. ನರ್ಸಮ್ಮ ಬಂದಿದ್ದರು. ಬಾಗಿಲು ತೆಗೆದು ನಿಂತರು.

ಡಿಸೆಂಬರ್ 17

ಚಳಿ ಜಾಸ್ತಿ. ಹೀಟರು ಬೆಳಿಗ್ಗೆಯಿಂದ ಸಂಜೆಯವರೆಗೂ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ, ಯಾರೂ ಬರುವುದು ಬೇಡ. ನರ್ಸಮ್ಮನ ಗಡಿಯಾರ ಬಿಚ್ಚಿದ್ದೇನೆ. ಯಾವುದು ಎಲ್ಲಿಗೆ ಎಂದು ಗೊತ್ತಾಗುತ್ತಿಲ್ಲ. ನಾಳೆ ಮಾಡಬೇಕು. ನಿದ್ದೆ.

ಡಿಸೆಂಬರ್ 21, ಶನಿವಾರ

ಆಸ್ಪತ್ರೆ. ಹೆಂಡತಿ ಈ ಪುಸ್ತಕ ತಂದುಕೊಟ್ಟಿದ್ದಾಳೆ, "ಬೈಕೊಳ್ಳಿ" ಎಂದು. ಅಕ್ಷರ ಇನ್ನೂ ನಡುಗುತ್ತಿದೆ.

ಬುಧವಾರ ನಡೆದದ್ದು ನನಗೆ ನೆನಪಿಲ್ಲ, ಬೇರೆಯವರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನರ್ಸಮ್ಮ ಅಂಗಡಿಗೆ ಬಂದರೆ ಬಾಗಿಲಿಗೆ ಒಳಚಿಲಕ. ಗಾಜಿನಿಂದ ನೋಡಿದರೆ ನಾನು ಮೇಜಿನ ಮೇಲೆ ತಲೆಯಿಟ್ಟಿದ್ದೇನೆ, ಕೈಯಲ್ಲಿ ಚಿಮಟ ಹಾಗೇ ಇದೆ. ಬಡಿದರು, ಕೂಗಿದರು. ಅಷ್ಟರಲ್ಲಿ ಅಪ್ಪ ಬಂದರು. ಹತ್ತು ತಿಂಗಳಿಂದ ಆ ಬೀದಿಗೇ ಕಾಲಿಡದ ಅಪ್ಪ, ಅವತ್ತು ಸೊಸೆಗೂ ಹೇಳದೆ ಹೊರಟು ಬಂದಿದ್ದರು. ಒಂದು ಸಲ ಒಳಗೆ ನೋಡಿದರಂತೆ, ತಿರುಗಿ ರಸ್ತೆ ಅಗೆಯುವವನ ಕೈಯಿಂದ ಹಾರೆ ಕಿತ್ತುಕೊಂಡು ಬಾಗಿಲಿನ ಗಾಜು ಒಡೆದರಂತೆ. ಎಪ್ಪತ್ತೆರಡು ವರ್ಷದ ಮನುಷ್ಯ. ಅಪ್ಪ ಮತ್ತು ಹಾರೆಯವನು ನನ್ನನ್ನು ಎಳೆದು ತಂದು ಮಣ್ಣಿನ ಗುಡ್ಡೆಯ ಮೇಲೆ ಮಲಗಿಸಿದರು, ನರ್ಸಮ್ಮ ಅಲ್ಲೇ ಕೂತು ನನ್ನ ಉಸಿರು ನೋಡಿಕೊಂಡರು. ನಾನು ಎರಡು ವರ್ಷದಿಂದ ಬೈದ ಧೂಳಿನಲ್ಲಿ ಮಲಗಿ ಉಸಿರಾಡಿದ್ದೇನೆ.

ಎಚ್ಚರವಾದಾಗ ಮುಖಕ್ಕೆ ಮಾಸ್ಕು, ಆಮ್ಲಜನಕ. ಹೆಂಡತಿಯ ಕಣ್ಣು ಊದಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ಸಿಟ್ಟಿನಲ್ಲಿದ್ದರು.

"ಮುಚ್ಚಿದ ರೂಮಲ್ಲಿ ಗ್ಯಾಸ್ ಹೀಟರ್ ಹಚ್ಚಿ ಕೂತಿದ್ರಾ?"

"ಧೂಳು ಬರುತ್ತೆ, ಡಾಕ್ಟ್ರೇ."

"ಧೂಳು ಬರದಿದ್ರೆ ಗಾಳಿನೂ ಬರಲ್ಲ. ಉರಿಗೂ ಆಮ್ಲಜನಕ ಬೇಕು, ನಿಮಗೂ ಬೇಕು. ಇದ್ದಿದ್ದನ್ನ ಉರಿ ತಿಂತಾ ಹೋಯ್ತು. ಸಾಕಾಗದೆ ಹೋದಾಗ ಅದು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಕುರ್ಚಿಲಿ ಅದು ಹೋಗಿ ಕೂತ್ಬಿಡುತ್ತೆ, ಏಳಲ್ಲ. ಆಮೇಲೆ ಎಷ್ಟು ಉಸಿರಾಡಿದ್ರೂ ಮೆದುಳಿಗೆ ಆಮ್ಲಜನಕ ತಲುಪಲ್ಲ. ತಲೆನೋವು, ವಾಂತಿ, ಮರೆವು, ಸಿಟ್ಟು. ಇನ್ನೊಂದು ಅರ್ಧ ಗಂಟೆ ಆಗಿದ್ರೆ ನೀವು ಇರ್ತಿರ್ಲಿಲ್ಲ."

ಬೆರಳಿನ ಕ್ಲಿಪ್ಪು ತೊಂಬತ್ತೆಂಟು ತೋರಿಸಿತ್ತಲ್ಲ ಎಂದು ಹೆಂಡತಿ ಕೇಳಿದಳು. ಅದು ಕುರ್ಚಿ ತುಂಬಿದೆಯೋ ಇಲ್ಲವೋ ಅಷ್ಟೇ ನೋಡುತ್ತದೆ, ಕೂತವರು ಯಾರೆಂದು ಅದಕ್ಕೆ ತಿಳಿಯುವುದಿಲ್ಲ, ರಕ್ತವನ್ನೇ ಪರೀಕ್ಷೆ ಮಾಡಬೇಕು ಎಂದರು.

ಅಪ್ಪ ಗೋಡೆಗೆ ಒರಗಿ ನಿಂತಿದ್ದರು, ಕೈಗೆ ಬ್ಯಾಂಡೇಜು. ಡಾಕ್ಟರಮ್ಮ ಹೊರಡುವಾಗ ಹಿಂದೆಯೇ ಎರಡು ಹೆಜ್ಜೆ ಹೋಗಿ ಕೇಳಿದರು.

"ಅಮ್ಮ, ಹೋದ ವರ್ಷ ಚಳಿಗಾಲದಲ್ಲಿ ಅದೇ ರೂಮಲ್ಲಿ, ಅದೇ ಹೀಟರ್ ಮುಂದೆ ನಾನು ಕೂರ್ತಿದ್ದೆ. ಮರೆವು ಬಂದಿತ್ತು. ಮನೆಗೆ ಬಂದ್ಮೇಲೆ ಹೋಯ್ತು. ಹಾಗಾದ್ರೆ ನನ್ನ ತಲೆ ಕೆಟ್ಟಿರ್ಲಿಲ್ವಾ?"

ಡಾಕ್ಟರಮ್ಮ ನಿಂತು ಅವರನ್ನು ಸರಿಯಾಗಿ ನೋಡಿದರು. "ಇಲ್ಲ ತಾತ. ಹೆಚ್ಚುಕಮ್ಮಿ ಇದೇ ಆಗಿರಬೇಕು. ನಿಮ್ಮ ತಲೆಗೇನೂ ಆಗಿಲ್ಲ."

ಅಪ್ಪ ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ತೆರೆದ ಬಾಗಿಲಿನಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಹೆಂಡತಿ ಚಹಾ ತೆಗೆದುಕೊಂಡು ಹೋದಳು, ಆರಿಹೋದ ಚಹಾ ವಾಪಸ್ ತಂದಳು. ಒಳಗೆ ಬಂದು ನನ್ನನ್ನು ಬೈಯುತ್ತಾರೆ ಎಂದು ಕಾದಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಬಂದವರು, "ನರ್ಸಮ್ಮನ ಗಡಿಯಾರ ಯಾವ ಡಬ್ಬೀಲಿ ಇಟ್ಟಿದೀಯ?" ಎಂದು ಕೇಳಿದರು.

ಡಿಸೆಂಬರ್ 24, ಮಂಗಳವಾರ

ಮನೆ. ಹಾಸಿಗೆಯಲ್ಲಿ ಕೂತು ಹಿಂದಿನದನ್ನೆಲ್ಲ ಓದಿದೆ. ಡಿಸೆಂಬರ್ ಹನ್ನೆರಡು ಗುರುವಾರ, ನಾನು ಬುಧವಾರ ಎಂದು ಬರೆದಿದ್ದೇನೆ. ನರ್ಸಮ್ಮ ಒಂದೇ ದಿನ ಎರಡು ಸಲ ಬಂದಿದ್ದಾರೆ. ಯಾರು ಬರೆದದ್ದು ಇದು ಎಂದು ಕೇಳುವ ಹಾಗಿದೆ.

ಅಪ್ಪ ತಮ್ಮ ನೋಟುಪುಸ್ತಕ ತೋರಿಸಿದರು. ಅದರಲ್ಲಿ ಎರಡು ಪಟ್ಟಿ. ಒಂದು ಕಳೆದ ವರ್ಷದ್ದು, ತಾವು ಕೆಡಿಸಿದ ಗಡಿಯಾರಗಳು, ಹನ್ನೊಂದು, ತಾರೀಖಿನ ಸಮೇತ. ನಾನು ಬೀಗದಕೈ ಕಿತ್ತುಕೊಂಡ ಮೇಲೆ ಮನೆಯಲ್ಲಿ ಕೂತು ಒಂದೊಂದಾಗಿ ನೆನಪು ಮಾಡಿಕೊಂಡು ಬರೆದದ್ದಂತೆ. ಇನ್ನೊಂದು ನನ್ನದು. ಇಂಥ ದಿನ ಕೂಗಿದ, ಇಂಥ ದಿನ ಊಟ ಬಿಟ್ಟ, ಪುಸ್ತಕ ಎಸೆದ. ಭಾನುವಾರಗಳ ಮುಂದೆ ಮಾತ್ರ ಎಲ್ಲ ಕಡೆ 'ಸರಿ' ಎಂದಿದೆ.

"ಗಡಿಯಾರ ಮಲಗಿಸಿದ್ರೆ ಸರಿಯಾಗಿ ಓಡಿ, ಗೋಡೆಗೆ ನೇತುಹಾಕಿದ್ರೆ ಹಿಂದೆ ಬಿದ್ರೆ ಏನು ಮಾಡ್ತೀಯ?" ಎಂದು ಕೇಳಿದರು.

"ಎಲ್ಲಿ ಹೇಗೆ ಇಟ್ಟಿದೀವಿ ಅಂತ ನೋಡ್ತೀನಿ."

"ಅಷ್ಟೇ. ನನ್ನದು ನನಗೆ ಹೊಳೀಲಿಲ್ಲ ನೋಡು. ವಯಸ್ಸಾಯ್ತು ಅಂತ ನೀನೂ ಅಂದೆ, ನಾನೂ ಒಪ್ಪಿಕೊಂಡೆ. ನಿನಗೆ ವಯಸ್ಸಾಗಿಲ್ವಲ್ಲ, ಅದಕ್ಕೆ ಹೊಳೀತು. ಬುಧವಾರ ಕಣ್ಣಾರೆ ನೋಡೇಬಿಡೋಣ ಅಂತ ಹೊರಟೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಟೇಪು ಅಂಟಿಸಿದವನು ನಾನು, ಹೀಟರ್ ಕೊಡಿಸಿದವನು ನಾನು, ತಲೆ ನೆಟ್ಟಗಿಲ್ಲ ಎಂದವನೂ ನಾನೇ. ಹೇಳಬೇಕೆಂದು ಬಾಯಿ ತೆರೆದೆ. "ಮಲಕೊ," ಅಂದರು.

ಡಿಸೆಂಬರ್ 31, ಮಂಗಳವಾರ

ಐದು ದಿನದಿಂದ ಅಪ್ಪ ನನ್ನ ಜೊತೆ ಅಂಗಡಿಗೆ ಬರುತ್ತಿದ್ದಾರೆ. "ನಿನ್ನ ಕೈ ನಡುಕ ನಿಲ್ಲೋವರೆಗೆ ಮಾತ್ರ," ಎಂಬ ಕರಾರು. ನಾನು ಬೀಗ ತೆಗೆಯುತ್ತೇನೆ, ಅವರು ಕುರ್ಚಿಯಲ್ಲಿ ಕೂರುತ್ತಾರೆ, ನಾನು ಸ್ಟೂಲಿನ ಮೇಲೆ. ಬಾಗಿಲಿಗೆ ಹೊಸ ಗಾಜು. ಹೀಟರ್ ಇಲ್ಲ. ವೆಂಟಿಲೇಟರಿನ ಪ್ಲಾಸ್ಟಿಕ್ಕನ್ನು ನಾನೇ ಹತ್ತಿ ಕಿತ್ತೆ. ಚಳಿ ಕೊರೆಯುತ್ತದೆ, ಇಬ್ಬರಿಗೂ ಶಾಲು. ಧೂಳು ತಡೆಯಲು ಪ್ರತಿ ಗಡಿಯಾರಕ್ಕೂ ಒಂದೊಂದು ಗಾಜಿನ ಲೋಟ ಬೋರಲು. ಅಪ್ಪನ ಕಾಲದ ಉಪಾಯ, ಮೊದಲಿಂದಲೂ ಇತ್ತು. ನನಗೆ ಷೋರೂಮಿನ ಶಿಸ್ತು ಬೇಕಿತ್ತಲ್ಲ.

ಮೊದಲ ದಿನ ಅವರು ಚಿಮಟ ಎತ್ತಲೇ ಇಲ್ಲ. ಎಲ್ಲವನ್ನೂ ಒರೆಸಿದರು, ಜೋಡಿಸಿದರು, ಮತ್ತೆ ಒರೆಸಿದರು. ನನಗೆ ರೇಗಿಹೋಯಿತು. "ಅಪ್ಪ, ನರ್ಸಮ್ಮ ಮೂವತ್ತೊಂದಕ್ಕೆ ಬರ್ತಾರೆ," ಅಂದೆ. "ಗೊತ್ತು, ನಂಗೇನು ಮರೆವಾ?" ಎಂದು ಅವರೂ ರೇಗಿದರು. ಮರುದಿನ ಬಂದವರೇ ಚಿಮಟ ಎತ್ತಿಕೊಂಡರು.

ಇವತ್ತು ಬ್ಯಾಲೆನ್ಸ್ ಕೂರಿಸಿದರು. ಅವರು ಉಸಿರು ಬಿಗಿಹಿಡಿದರು, ನಾನೂ ಹಿಡಿದೆ. ಚಕ್ರ ಒಮ್ಮೆ ತೂಗಿತು, ನಿಂತಿತು, ಆಮೇಲೆ ತಾನಾಗಿ ಓಡತೊಡಗಿತು. "ಉಸಿರು ಬಿಡೋ, ಇನ್ನೊಂದ್ಸಲ ಆಸ್ಪತ್ರೆಗೆ ಹೊತ್ಕೊಂಡು ಹೋಗಕ್ಕಾಗಲ್ಲ," ಅಂದರು.

ಮುಚ್ಚಳ ಹಾಕುವ ಮುಂಚೆ ಸೂಜಿಯನ್ನು ನನ್ನ ಕಡೆ ಚಾಚಿದರು. ಅಂಗಡಿ ನಿನ್ನದು, ಗುರುತು ನಿನ್ನದು ಎಂದು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಗೊಣಗುತ್ತ ತಾವೇ ತಾರೀಖು ಕೆತ್ತಿದರು. ಪಕ್ಕದಲ್ಲಿ ಅರ್ಧಚಂದ್ರ. ನರ್ಸಮ್ಮ ಸಂಜೆ ಬಂದು ಗಡಿಯಾರ ಕಿವಿಗೆ ಹಿಡಿದು ಕೇಳಿದರು, ಆಮೇಲೆ ಸ್ಟೂಲು ಎಳೆದುಕೊಂಡು ಅರ್ಧ ಗಂಟೆ ಕೂತು ಊರಿನ ಸುದ್ದಿಯೆಲ್ಲ ಹೇಳಿದರು. ಹೊರಗೇ ನಿಲ್ಲುತ್ತಿದ್ದಾಗಲೇ ಚೆನ್ನಾಗಿತ್ತು.

ಜನವರಿ 9, ಗುರುವಾರ

ಹನ್ನೊಂದು ಗಡಿಯಾರಗಳನ್ನೂ ಅಪ್ಪ ಮನೆಮನೆಗೆ ಹೋಗಿ ವಾಪಸ್ ಇಸಕೊಂಡು ಬಂದಿದ್ದಾರೆ. ಬೇಡ ಎಂದರೆ ಕೇಳುವುದಿಲ್ಲ. ಮೊದಲು ಮುಗಿಸಿದ್ದು ಹೆಡ್‌ಮಾಸ್ಟರರದು. ಅಚ್ಚು ಎಲ್ಲೂ ಸಿಗದೆ ಹಳೆಯದೊಂದನ್ನು ನಾಲ್ಕು ದಿನ ಉಜ್ಜಿ ಉಜ್ಜಿ ಅಳತೆಗೆ ತಂದರು.

ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅದನ್ನು ಕೊಟ್ಟುಬರಲು ಹೊರಟರು. ನಾನೂ ಹೋದೆ. ಹೆಡ್‌ಮಾಸ್ಟರರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಗಡಿಯಾರ ಕಟ್ಟಿಕೊಂಡು, ಕೈ ತಿರುಗಿಸಿ ನೋಡಿ, ಸಂತೋಷಪಟ್ಟರು. ಆಮೇಲೆ ಅಪ್ಪನ ಕಡೆ ನೋಡಿ ನಗುತ್ತಲೇ, "ಏನಯ್ಯಾ, ಈಗ ತಲೆ ನೆಟ್ಟಗಾಯ್ತಾ?" ಎಂದು ಕೇಳಿದರು.

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವತ್ತು ನಾನು ಆಡಿದ್ದ ಮಾತನ್ನೇ ಅವರು ಆಡಿದ್ದು. ಅಪ್ಪನೂ ನಕ್ಕು, "ಹೂಂ, ಪರವಾಗಿಲ್ಲ ಸಾರ್," ಎಂದು ಚಪ್ಪಲಿ ಹಾಕಿಕೊಳ್ಳತೊಡಗಿದರು. ಹತ್ತು ತಿಂಗಳಿಂದ ಅವರು ಎಷ್ಟು ಜನಕ್ಕೆ ಹೀಗೆ ನಕ್ಕಿದ್ದಾರೋ ನನಗೆ ಗೊತ್ತಿಲ್ಲ.

"ಸಾರ್, ಅವರ ತಲೆ ಯಾವಾಗ್ಲೂ ನೆಟ್ಟಗೇ ಇತ್ತು," ಅಂದೆ. "ಅಂಗಡೀಲಿ ಗಾಳಿ ಇರ್ಲಿಲ್ಲ. ಗಾಳಿ ಮುಚ್ಚಿದ್ದು ನಾನು. ನಿಮ್ಮ ಗಡಿಯಾರ ಕೆಟ್ಟಿದ್ದೂ ನನ್ನಿಂದ. ಅವತ್ತು ನಿಮ್ಮೆದುರಿಗೆ ಅವರಿಗೆ ಹಾಗಂದೆ, ಅದಕ್ಕೆ ಇವತ್ತು ನಿಮ್ಮೆದುರಿಗೇ ಹೇಳ್ತಿದೀನಿ. ತಪ್ಪು ನಂದು, ಅಪ್ಪ."

ಹೆಡ್‌ಮಾಸ್ಟರರು ಪೇಪರ್ ಮಡಿಸಿದರು. ಅಪ್ಪ ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದು ಕಾಲು ಬರಿದಾಗಿಯೇ ನಿಂತುಬಿಟ್ಟಿದ್ದರು.

ದಾರಿಯುದ್ದಕ್ಕೂ ಬೈಗುಳ. "ಗಡಿಯಾರ ಕೊಟ್ಟು ಬರೋಣ ಅಂದ್ರೆ ಪುರಾಣ ಓದಿದೆ. ಗಿರಾಕಿ ಹತ್ರ ಮನೆ ಮಾತು ಆಡ್ತಾರೇನೋ ಯಾರಾದ್ರೂ? ಅವರು ಚಹಾ ಕೊಡೋರು, ಅದೂ ಹೋಯ್ತು." ಅಂಗಡಿ ಹತ್ತಿರ ಬಂದಾಗ ಹಾರೆಯವನು ಅಪ್ಪನಿಗೆ ಕೈ ಎತ್ತಿದ. ರಸ್ತೆಯನ್ನು ಮತ್ತೆ ಅಗೆಯುತ್ತಿದ್ದಾರೆ, ಬಾಗಿಲಿನ ಮುಂದೆ ಮೊಣಕಾಲುದ್ದದ ಮಣ್ಣು.

ಅಪ್ಪ ಮಣ್ಣು ದಾಟಿ ಮೆಟ್ಟಿಲ ಮೇಲೆ ನಿಂತು, ನನ್ನ ಕಡೆ ತಿರುಗಿ ಕೈ ಚಾಚಿದರು.

"ಬೀಗದಕೈ."

ಕೊಟ್ಟೆ. ಧೂಳಿಗೆ ಬೈಯುತ್ತಲೇ ಬಾಗಿಲು ತೆಗೆದರು.